ಲೈಕು ಸಾವಿರ, ಆರ್ಡರು ಮೂರು

ದಾಳಿಂಬೆ ಬಣ್ಣದ ಇಳಕಲ್ ಸೀರೆ. ಫೋಟೊ ಚೆನ್ನಾಗಿಯೇ ಬಂದಿದೆ. ಕೆಳಗೆ ಕಮೆಂಟುಗಳ ಸಾಲು: ‘ಬೆಲೆ?’, ‘ರೇಟ್ ಹೇಳಿ’, ‘ಪ್ರೈಸ್ ಪ್ಲೀಸ್’, ‘ಎಷ್ಟಕ್ಕಾ?’ ಎಲ್ಲಕ್ಕೂ ಖಾಸಗಿ ಸಂದೇಶ ಕಳಿಸಿ ಎಂಬ ಒಂದೇ ಉತ್ತರ: ‘ಡಿಎಂ ಮಾಡಿ.’ ಇನ್‌ಸ್ಟಾಗ್ರಾಂನಲ್ಲಿ ಸೀರೆ, ಒಡವೆ, ಕೇಕು, ಹೂವಿನ ಗಿಡ, ಮರದ ಬೊಂಬೆ, ಏನು ನೋಡಹೊರಟರೂ ಈ ಎರಡು ಪದ ಎದುರಾಗುತ್ತವೆ. ಬೆಲೆ ಕೇಳಿದ ಗಿರಾಕಿಗೆ ‘ಆ ಮೂಲೆಗೆ ಬನ್ನಿ, ಕಿವಿಯಲ್ಲಿ ಹೇಳ್ತೀನಿ’ ಎನ್ನುವ ಬಟ್ಟೆ ಅಂಗಡಿಯವರನ್ನು ನಾನಂತೂ ಕಂಡಿಲ್ಲ. ಫೋನಿನೊಳಗೆ ಮಾತ್ರ ಅದು ರೂಢಿಯಾಗಿಬಿಟ್ಟಿದೆ.

ಅದಕ್ಕೆ ಕಾರಣಗಳಿವೆ, ಎಲ್ಲವೂ ತಳವಿಲ್ಲದವಲ್ಲ. ಬೆಲೆ ಹಾಕಿದರೆ ಪಕ್ಕದ ಪೇಜಿನವರು ಐವತ್ತು ರೂಪಾಯಿ ಇಳಿಸಿ ಹಾಕುತ್ತಾರೆ ಎಂಬ ಭಯ ಒಂದು. ಕೈಮಗ್ಗದ ಸೀರೆಯ ಬೆಲೆ ಕಂಡವರು ಪವರ್‌ಲೂಮ್ ಸೀರೆಗೆ ಹೋಲಿಸಿ ಮೂಗು ಮುರಿಯುತ್ತಾರೆ ಎಂಬುದು ಇನ್ನೊಂದು. ಕಮೆಂಟು ಹೆಚ್ಚಿದಷ್ಟೂ ಪೋಸ್ಟು ಮೇಲೆ ಬರುತ್ತದೆ ಎಂಬ ಲೆಕ್ಕಾಚಾರವೂ ಉಂಟು. ಆದರೆ ಸೀರೆ ವ್ಯಾಪಾರದ ಒಳಗಿನವರಿಗೆ ಮಾತ್ರ ಗೊತ್ತಿರುವ ಕಾರಣ ಬೇರೆ. ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳಲ್ಲಿ ಸೀರೆ ತೋರಿಸುವ ಎಷ್ಟೋ ಮಂದಿಯ ಹತ್ತಿರ ಸೀರೆಯೇ ಇರುವುದಿಲ್ಲ. ಅವರು ರೀಸೆಲರ್‌ಗಳು. ಸಗಟು ವ್ಯಾಪಾರಿ ಹಾಕಿದ ಫೋಟೊ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ಒಬ್ಬೊಬ್ಬರು ತಮ್ಮ ಲಾಭ ಸೇರಿಸಿಕೊಳ್ಳುತ್ತಾರೆ. ಅದೇ ಸೀರೆ, ಅದೇ ಫೋಟೊ, ನಾಲ್ಕು ಕಡೆ ನಾಲ್ಕು ಬೆಲೆ. ಫೋಟೊದ ಮೇಲೆ ಬೆಲೆ ಅಚ್ಚಾಗಿಬಿಟ್ಟರೆ ಈ ಸರಪಳಿಯೇ ಕಡಿದುಹೋಗುತ್ತದೆ. ಹಾಗಾಗಿ ಬೆಲೆ ಗುಟ್ಟಾಗಿರಬೇಕು.

ಸರಪಳಿಯಲ್ಲಿ ಇರುವವರಿಗೆ ಇದು ಅನಿವಾರ್ಯ ಇರಬಹುದು. ತಾನೇ ನೇಯ್ದು, ತಾನೇ ಕೆತ್ತಿ, ತಾನೇ ಕರಿದು ಮಾರುವವರೂ ಇದನ್ನೇ ಅನುಸರಿಸುತ್ತಿರುವುದು ನನಗೆ ಅರ್ಥವಾಗದ ಸಂಗತಿ. ಬೆಲೆ ಕೇಳಿದವರು ಕಮೆಂಟಿನಲ್ಲಿ ಕಾಣುತ್ತಾರೆ, ಕೇಳಲು ಸಂಕೋಚಪಟ್ಟು ಮುಂದಕ್ಕೆ ಹೋದವರು ಕಾಣುವುದಿಲ್ಲ. ಕೇಳಿದರೆ ಕೊಳ್ಳಲೇಬೇಕೇನೋ ಎಂಬ ದಾಕ್ಷಿಣ್ಯ ನಮ್ಮವರಲ್ಲಿ ಇನ್ನೂ ಇದೆ. ನೋಡುವವರನ್ನು ಸೇರಿಸಲು ನಮ್ಮ ಸಣ್ಣ ವ್ಯಾಪಾರಿಗಳು ಪಡುವ ಪಾಡಿನಲ್ಲಿ ಕಾಲುಭಾಗವನ್ನಾದರೂ ಕೊಳ್ಳಲು ಬಂದವರ ದಾರಿ ಸಲೀಸು ಮಾಡುವುದಕ್ಕೆ ಪಟ್ಟಿದ್ದರೆ, ಆನ್‌ಲೈನ್ ಪ್ರಚಾರ ಎಂಬುದು ಇಷ್ಟು ನಿರಾಸೆಯ ಬಾಬತ್ತು ಆಗುತ್ತಿರಲಿಲ್ಲ.

ಸಾಗರ ತಾಲ್ಲೂಕಿನಲ್ಲಿ ನನಗೆ ಪರಿಚಯದ ಗೃಹಿಣಿಯೊಬ್ಬರಿದ್ದಾರೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಮಾಡಿ ಮಾರುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಅವರಿಲ್ಲ. ಬೆಂಗಳೂರಿನಿಂದ ಬಂದ ಅಕ್ಕನ ಮಗ ‘ಚಿಕ್ಕಮ್ಮಾ, ಒಂದು ರೀಲ್ಸ್ ಮಾಡಿ ಬಿಡ್ತೇನೆ, ವೈರಲ್ ಆಗ್ತದೆ’ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ವೈರಲ್ ಆದ್ರೆ ಮಿಡಿ ಎಲ್ಲಿಂದ ತರ್ಲಿ ಮಾರಾಯಾ?’

ಆ ಪ್ರಶ್ನೆಯಲ್ಲಿ ಅರ್ಧ ಮಾರ್ಕೆಟಿಂಗ್ ಶಾಸ್ತ್ರವೇ ಇದೆ. ಅಪ್ಪೆಮಿಡಿ ಕಾರ್ಖಾನೆಯ ಸರಕಲ್ಲ. ಹೊಳೆದಂಡೆಯ ಮರ ಆ ವರ್ಷ ಹೂ ಬಿಡಬೇಕು, ಮೋಡ ಮುಸುಕಿ ಹೂ ಕರಟದೇ ಇರಬೇಕು, ಎತ್ತರದ ಮರ ಹತ್ತಿ ತೊಟ್ಟಿನ ಸಮೇತ ಕೊಯ್ಯುವವರು ಸಿಗಬೇಕು. ತೊಟ್ಟು ಮುರಿದು ಸೊನೆ ಸೋರಿದರೆ ಅಥವಾ ನೆಲಕ್ಕೆ ಬಿದ್ದು ಪೆಟ್ಟಾದರೆ ಆ ಮಿಡಿ ಬಾಳಿಕೆ ಬರುವುದಿಲ್ಲ. ಕೊಯ್ದದ್ದನ್ನು ಉಪ್ಪಿನಲ್ಲಿ ಹಾಕಿಟ್ಟು, ಅದು ಚಿರುಟಿದ ಮೇಲೆ ಖಾರ ಕಲಸಬೇಕು. ಇಷ್ಟೆಲ್ಲ ಆಗಿ ಜಾಡಿಯಲ್ಲಿ ಉಳಿದದ್ದು ಎಷ್ಟೋ ಅಷ್ಟೇ ಆ ವರ್ಷದ ವ್ಯಾಪಾರ. ಲಕ್ಷ ಜನ ನೋಡಿದರೆ ಲಕ್ಷಕ್ಕೆ ಹತ್ತಿರ ಜನರಿಗೆ ‘ಖಾಲಿಯಾಯ್ತು’ ಎಂದು ಉತ್ತರಿಸುತ್ತ ಕೂರಬೇಕಾಗುತ್ತದೆ. ದೊಡ್ಡ ಕಂಪನಿಗೆ ಹೆಸರು ಜನರ ಬಾಯಲ್ಲಿ ಇರಬೇಕು, ಅದಕ್ಕಾಗಿ ದುಡ್ಡು ಚೆಲ್ಲುತ್ತದೆ. ಈ ಮನೆಗೆ ಬೇಕಾದದ್ದು ಕಳೆದ ವರ್ಷ ತಿಂದವರು ಈ ವರ್ಷವೂ ಕೇಳುವುದು, ಅಷ್ಟರ ಮೇಲೆ ಒಂದಿಷ್ಟು ಹೊಸಬರು.

ಅವರ ವ್ಯಾಪಾರವೆಲ್ಲ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪಿನಲ್ಲಿ. 2018ರ ಜನವರಿಯಲ್ಲಿ ಇದು ಭಾರತಕ್ಕೆ ಬಂತು. ಸಾಮಾನ್ಯ ವಾಟ್ಸ್‌ಆ್ಯಪ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಆ ಮನೆಯ ಜಗಲಿಯಲ್ಲಿ ಕೂತು ನೋಡಬೇಕು. ಚಾಟುಗಳಿಗೆ ಬಣ್ಣದ ಲೇಬಲ್ ಅಂಟಿಸಿದ್ದಾರೆ: ‘ಹೊಸಬರು’, ‘ದುಡ್ಡು ಬಾಕಿ’, ‘ಪಾರ್ಸೆಲ್ ಹೋಯ್ತು’, ‘ಖಾರ ಕಮ್ಮಿ’. ಕೊನೆಯದು ಅವರದೇ ಆವಿಷ್ಕಾರ. ಮೈಸೂರು, ಬೆಂಗಳೂರಿನ ಕೆಲವು ಮನೆಗಳಿಗೆ ಖಾರ ತಡೆಯುವುದಿಲ್ಲವಂತೆ. ಕೆಟಲಾಗಿನಲ್ಲಿ ಒಂದೊಂದು ಸಾಮಾನಿನ ಫೋಟೊ, ತೂಕ, ಬೆಲೆ, ಅಂಚೆ ವೆಚ್ಚ ಬೇರೆ ಎಂಬ ಮಾತು. ವಿಳಾಸ ಕೇಳುವುದಕ್ಕೆ, ಹಣ ಕಳಿಸುವ ನಂಬರ್ ಕೊಡುವುದಕ್ಕೆ ಮೊದಲೇ ಬರೆದಿಟ್ಟ ಉತ್ತರಗಳಿವೆ. ಒಂದು ಚಿಹ್ನೆ ಒತ್ತಿ ಆರಿಸಿದರೆ ಪೂರ್ತಿ ವಾಕ್ಯ ಬರುತ್ತದೆ. ‘ಅಕ್ಕಾ, ಹಪ್ಪಳ ಈಗ ಉಂಟಾ?’ ಎಂದು ಮಂಗಳೂರಿನಿಂದ ಬಂದ ವಾಯ್ಸ್ ಮೆಸೇಜಿಗೆ ಮಾತ್ರ ಅವರು ವಾಯ್ಸಿನಲ್ಲೇ ಉತ್ತರಿಸುತ್ತಾರೆ. ದನಿ ಕೇಳಿದವರು ಮತ್ತೆ ಆರ್ಡರ್ ಕೊಡುತ್ತಾರೆ ಎಂಬುದು ಅವರ ಅನುಭವ.

ಹಪ್ಪಳ ಒಣಗಿ ಡಬ್ಬಿ ಸೇರಿದ ದಿನ ಬ್ರಾಡ್‌ಕಾಸ್ಟ್ ಪಟ್ಟಿಗೆ ಒಂದು ಸಂದೇಶ ಹೋಗುತ್ತದೆ. ಒಂದು ಪಟ್ಟಿಯಲ್ಲಿ 256 ಜನರಿಗಷ್ಟೇ ಜಾಗ. ಇನ್ನೊಂದು ಷರತ್ತು ಇದೆ, ಬಹಳ ವ್ಯಾಪಾರಿಗಳು ಇಲ್ಲಿ ಎಡವುತ್ತಾರೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಎಲ್ಲಿಂದಲೋ ಸಾವಿರ ನಂಬರ್ ಕೊಂಡು ತಂದು ಸೇರಿಸಿದರೆ ಏನೂ ಉಪಯೋಗವಿಲ್ಲ. ಸಿಟ್ಟಾದವರು ‘ರಿಪೋರ್ಟ್’ ಒತ್ತುತ್ತಾ ಹೋದರೆ ನಿಮ್ಮ ನಂಬರೇ ಬಂದ್ ಆಗಬಹುದು. ಅದಕ್ಕೇ ಅವರ ಪ್ರತಿ ಪಾರ್ಸೆಲಿನಲ್ಲೂ ಒಂದು ಚೀಟಿ ಇರುತ್ತದೆ: ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಮುಂದಿನ ಸಲ ಹಪ್ಪಳ ಆದಾಗ ತಿಳಿಸುತ್ತೇನೆ.’ ನಾನು ಕಂಡ ಜಾಹೀರಾತುಗಳಲ್ಲಿ ಇದರಷ್ಟು ಅಗ್ಗದ್ದೂ ಫಲ ಕೊಡುವಂಥದ್ದೂ ಬೇರೆ ಇಲ್ಲ.

ಇನ್ನು ಪಾರ್ಸೆಲ್. ಉಪ್ಪಿನಕಾಯಿಯ ರಸ ಸೋರಿ ಪಕ್ಕದವರ ಮದುವೆ ಕಾಗದದ ಕಟ್ಟೆಲ್ಲ ಕೆಂಪಾದ ಒಂದು ಪ್ರಸಂಗದ ನಂತರ ಗಾಜಿನ ಬಾಟಲಿ ಬಿಟ್ಟು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಹಿಡಿದರು. ಮುಚ್ಚಳದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ, ಮುಚ್ಚಳದ ಸುತ್ತ ಟೇಪು, ಡಬ್ಬಿಗೆ ಎರಡು ಕವರು, ಆಮೇಲೆ ಹಳೆ ಪೇಪರು ತುರುಕಿದ ರಟ್ಟಿನ ಪೆಟ್ಟಿಗೆ. ಸೋಮವಾರ, ಮಂಗಳವಾರ ಮಾತ್ರ ಕಳಿಸುತ್ತಾರೆ. ಶುಕ್ರವಾರ ಕೊಟ್ಟರೆ ಭಾನುವಾರದ ರಜೆಯಲ್ಲಿ ಡಬ್ಬಿ ಎಲ್ಲೋ ಗೋದಾಮಿನ ಸೆಕೆಯಲ್ಲಿ ಕೂತಿರುತ್ತದೆ. ಹಪ್ಪಳದ ಕಟ್ಟು ಪುಡಿಯಾಗಿ ತಲುಪಿದರೆ ವಾದ ಮಾಡದೆ ಇನ್ನೊಂದು ಕಟ್ಟು ಕಳಿಸುತ್ತಾರೆ. ಮಾರ್ಕೆಟಿಂಗ್ ಎಂದು ಯಾವ ಕ್ಲಾಸಿನಲ್ಲೂ ಇದನ್ನು ಹೇಳಿಕೊಡುವುದಿಲ್ಲ. ಆದರೆ ಎರಡನೇ ಆರ್ಡರು ಬರುವುದು ಇದರಿಂದಲೇ.

ಸೋಷಿಯಲ್ ಮೀಡಿಯಾ ಹೊಸ ಮಾರುಕಟ್ಟೆಯನ್ನೇ ಕಟ್ಟಿಕೊಟ್ಟ ನಿದರ್ಶನವೂ ನಮ್ಮಲ್ಲೇ ಇದೆ, ಅದೂ ಮಲೆನಾಡು, ಕರಾವಳಿಯಲ್ಲೇ. 2021ರಲ್ಲಿ ಕೋವಿಡ್ ನಿರ್ಬಂಧಗಳ ನಡುವೆ ಬಾಳೆಗೊನೆ ಕೇಳುವವರಿಲ್ಲದೆ ತೋಟದಲ್ಲೇ ಹಣ್ಣಾಗಿ ಕೊಳೆಯುತ್ತಿದ್ದಾಗ ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಬಾಳೆಕಾಯಿ ಹುಡಿಯ ವಿಚಾರ ಎತ್ತಿದರು. ಬಲಿತ ಬಾಳೆಕಾಯಿಯನ್ನು ಹೋಳು ಮಾಡಿ, ಒಣಗಿಸಿ, ಪುಡಿ ಮಾಡಿಡುವುದು. ಅದಕ್ಕೆ ‘ಬಾಕಾಹು’ ಎಂಬ ಚುಟುಕು ಹೆಸರೂ ಬಿತ್ತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದು ಹಬ್ಬಿದ ರೀತಿ ನೆನಪಿಟ್ಟುಕೊಳ್ಳುವಂಥದ್ದು. ‘ನಮ್ಮಲ್ಲಿ ಬಾಕಾಹು ಸಿಗುತ್ತದೆ, ಕೊಳ್ಳಿ’ ಎಂಬ ಪೋಸ್ಟರುಗಳಿಂದ ಅದು ಹಬ್ಬಲಿಲ್ಲ. ಒಬ್ಬರು ದೋಸೆ ಹೊಯ್ದು ಫೋಟೊ ಹಾಕಿದರು, ಇನ್ನೊಬ್ಬರು ರೊಟ್ಟಿ ತಟ್ಟಿದರು, ಮತ್ತೊಬ್ಬರು ಜಾಮೂನು ಮಾಡಿ ತೋರಿಸಿದರು, ಸರಿಬರದಿದ್ದವರು ಹದ ಕೇಳಿದರು, ಬಂದವರು ಹೇಳಿಕೊಟ್ಟರು. ಆ ವರ್ಷದ ಜುಲೈ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮಹಿಳೆಯರ ಈ ಕೆಲಸವನ್ನು ಪ್ರಸ್ತಾಪಿಸಿದರು. ಹೊಸ ಪದಾರ್ಥವೊಂದನ್ನು ಜನ ಕೊಳ್ಳಬೇಕಾದರೆ ಅದನ್ನು ಏನು ಮಾಡಬೇಕೆಂದು ಮೊದಲು ಗೊತ್ತಾಗಬೇಕು. ಸಿರಿಧಾನ್ಯ ಮಾರುವವರು, ಮುರುಗಲು ಸಿಪ್ಪೆ ಮಾರುವವರು, ಕಾಡುಜೇನು ಮಾರುವವರು ಚೀಲದ ಫೋಟೊ ಹಾಕುತ್ತಾರೆ. ನವಣೆಯ ಚೀಲ ನೋಡಿ ಯಾರಿಗೆ ಹಸಿವಾಗುತ್ತದೆ? ನವಣೆ ಬಿಸಿಬೇಳೆ ಬಾತಿಗೆ ನೀರು ಎಷ್ಟು, ಎಷ್ಟು ಹೊತ್ತು ನೆನೆಸಬೇಕು ಎಂದು ಹೇಳುವ ಒಂದು ನಿಮಿಷದ ವಿಡಿಯೊ ಹಾಕಿದರೆ ಕೇಳುವವರು ಬರುತ್ತಾರೆ.

ಅಂಗಡಿ ಇಟ್ಟುಕೊಂಡವರ ಕಥೆ ಬೇರೆ. ಪಂಚರ್ ಆದವನು, ಹಲ್ಲುನೋವಿನವನು, ಊಟದ ಹೊತ್ತಿಗೆ ಪರವೂರಿನಲ್ಲಿ ಇಳಿದವನು ರೀಲ್ಸ್ ನೋಡುತ್ತ ಕೂರುವುದಿಲ್ಲ. ‘ಖಾನಾವಳಿ ನಿಯರ್ ಮಿ’ ಎಂದು ಫೋನಿಗೆ ಹೇಳುತ್ತಾನೆ. ಹಾಗೆ ಹೇಳಿದಾಗ ಬರುವ ಮೂರ್ನಾಲ್ಕು ಹೆಸರುಗಳಲ್ಲಿ ನಿಮ್ಮದು ಇರಬೇಕಾದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು. 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂದು ಶುರುವಾಗಿ 2021ರಲ್ಲಿ ಹೆಸರು ಬದಲಿಸಿಕೊಂಡ ಈ ಸೇವೆಗೆ ಒಂದು ಪೈಸೆಯೂ ಕೊಡಬೇಕಿಲ್ಲ. ಯಾರನ್ನು ಮೇಲೆ ತೋರಿಸಬೇಕು ಎಂಬುದಕ್ಕೆ ಗೂಗಲ್ ಮೂರು ಅಂಶ ಹೇಳುತ್ತದೆ: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಎಷ್ಟು ಹೊಂದಿಕೆ, ಹುಡುಕುವವರಿಂದ ನೀವು ಎಷ್ಟು ದೂರ, ನಿಮ್ಮ ಹೆಸರು ಎಷ್ಟು ಪರಿಚಿತ. ದೂರವನ್ನು ಬದಲಿಸಲಾಗದು. ಉಳಿದೆರಡು ನಿಮ್ಮ ಕೈಯಲ್ಲಿವೆ.

ಹೊಂದಿಕೆ ಎಂದರೆ ಮೊದಲನೆಯದಾಗಿ ಸರಿಯಾದ ವರ್ಗ. ಜೋಳದ ರೊಟ್ಟಿ ಊಟದ ಖಾನಾವಳಿಯನ್ನು ‘ಅಂಗಡಿ’ ಎಂದು ನಮೂದಿಸಿದರೆ ಊಟ ಹುಡುಕುವವರಿಗೆ ಅದು ಕಾಣುವುದಿಲ್ಲ. ಎರಡನೆಯದು ಪಿನ್. ಡಿವೈಡರ್ ಇರುವ ಹೆದ್ದಾರಿಯಲ್ಲಿ ಪಿನ್ ಎದುರು ಬದಿಗೆ ಬಿದ್ದಿದ್ದರೆ ಗಿರಾಕಿ ಎರಡು ಕಿಲೊಮೀಟರ್ ಮುಂದೆ ಹೋಗಿ ಯೂ ಟರ್ನ್ ಹೊಡೆಯಬೇಕು. ಹೊಡೆಯುವುದಿಲ್ಲ, ಮುಂದಿನ ಹೋಟೆಲಿಗೆ ಹೋಗುತ್ತಾನೆ. ಮೂರನೆಯದು ವೇಳೆ. ಸೋಮವಾರ ರಜೆ ಇರುವ ಮೆಸ್ಸಿನ ಮುಂದೆ ಮ್ಯಾಪಿನಲ್ಲಿ ‘ತೆರೆದಿದೆ’ ಎಂದು ಬರೆದಿತ್ತು ಎಂಬ ಕಾರಣಕ್ಕೆ ಬಿದ್ದ ಒಂದು ನಕ್ಷತ್ರದ ರಿವ್ಯೂಗಳನ್ನು ಎಷ್ಟೋ ಓದಿದ್ದೇನೆ. ಅಡುಗೆಯ ತಪ್ಪೇನೂ ಇಲ್ಲ, ಷಟರ್ ಎಳೆದದ್ದನ್ನು ಫೋನಿಗೆ ಹೇಳಿರಲಿಲ್ಲ ಅಷ್ಟೆ.

ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡುವುದು ಒಳ್ಳೆಯದು. ‘ಶ್ರೀ’ ಎಂಬುದೊಂದನ್ನೇ ನಮ್ಮವರು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಯುತ್ತಾರೆ. ಕನ್ನಡದಲ್ಲಿ ಕೇಳಿ ಹುಡುಕುವವರೂ ಹೆಚ್ಚುತ್ತಿದ್ದಾರೆ. ಆದರೆ ಬೋರ್ಡಿನಲ್ಲಿ ಇಲ್ಲದ ವಿಶೇಷಣಗಳನ್ನೆಲ್ಲ ಹೆಸರಿಗೆ ಅಂಟಿಸಬಾರದು. ‘ಬೆಸ್ಟ್ ಕೇಕ್ ಶಾಪ್ ಇನ್ ದಾವಣಗೆರೆ’ ಎಂದು ಬಾಲ ಸೇರಿಸಿದ ಪ್ರೊಫೈಲನ್ನು ಗೂಗಲ್ ಅಮಾನತಿನಲ್ಲಿಡಬಹುದು, ಮರಳಿ ಪಡೆಯಲು ವಾರಗಟ್ಟಲೆ ಅಲೆದಾಟ. ಇನ್ನು ‘ಗೂಗಲ್‌ನಿಂದ ಮಾತಾಡ್ತಿದೀವಿ, ನಿಮ್ಮ ಲಿಸ್ಟಿಂಗ್ ರಿನ್ಯೂವಲ್ ಇದೆ’ ಎಂದು ದುಡ್ಡು ಕೇಳುವ ಕರೆಗಳು. ಉಚಿತ ಸೇವೆಗೆ ರಿನ್ಯೂವಲ್ ಇರುವುದಿಲ್ಲ. ಫೋನ್ ಇಟ್ಟುಬಿಡಿ.

ರಿವ್ಯೂಗಳದು ಸೂಕ್ಷ್ಮ ವಿಷಯ. ‘ಫೈವ್ ಸ್ಟಾರ್ ಕೊಡಿ, ಜ್ಯೂಸ್ ಫ್ರೀ’ ಎಂಬ ಬೋರ್ಡು ಗೂಗಲ್‌ನ ನಿಯಮಕ್ಕೆ ವಿರುದ್ಧ. ಆನ್‌ಲೈನ್ ರಿವ್ಯೂಗಳ ಪ್ರಾಮಾಣಿಕತೆಗೆಂದೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಹಣಕ್ಕೆ ಬರೆಸಿದ ಹೊಗಳಿಕೆಯನ್ನು ಓದುಗರು ಗುರುತಿಸುತ್ತಾರೆ, ಎಲ್ಲದರಲ್ಲೂ ಒಂದೇ ‘ಅಮೇಜಿಂಗ್ ಎಕ್ಸ್‌ಪೀರಿಯೆನ್ಸ್’. ಬೈದವರಿಗೆ ಮಾಲೀಕ ಕೊಡುವ ಉತ್ತರವನ್ನು ನಾನು ಹೊಗಳಿಕೆಗಿಂತ ಹೆಚ್ಚು ಗಮನವಿಟ್ಟು ಓದುತ್ತೇನೆ. ‘ಆ ದಿನ ಅಡುಗೆಯವರು ರಜೆಯಲ್ಲಿದ್ದರು, ಸಾಂಬಾರು ಕೆಟ್ಟಿದ್ದು ನಿಜ, ಮತ್ತೊಮ್ಮೆ ಬನ್ನಿ’ ಎಂದವರ ಹೋಟೆಲಿಗೆ ಹೋಗಬೇಕೆನಿಸುತ್ತದೆ. ‘ನಿಮ್ಮಂಥವರು ಬರದಿದ್ದರೇ ಒಳ್ಳೇದು’ ಎಂದವರ ಕಡೆಗೆ ಕಾಲು ಏಳುವುದಿಲ್ಲ.

ರೀಲ್ಸ್ ಬೇಡವೇ ಬೇಡ ಎಂದು ಇದರ ಅರ್ಥವಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ಕೇಂದ್ರ ನಿಷೇಧಿಸಿತು. ಮರು ತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಬಿಟ್ಟಿತು. ಅಲ್ಲಿಂದೀಚೆಗೆ ನಿಮ್ಮನ್ನು ಫಾಲೋ ಮಾಡದವರ ಮುಂದೆಯೂ ನಿಮ್ಮ ವಿಡಿಯೊ ಹೋಗುವ ಸಾಧ್ಯತೆ ಹೆಚ್ಚಿತು. ಚನ್ನಪಟ್ಟಣದ ಬೊಂಬೆ ಇದಕ್ಕೆ ಹೇಳಿ ಮಾಡಿಸಿದ್ದು. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಬಿಸಿಗೆ ಬಣ್ಣ ಕರಗಿ ಹತ್ತಿಕೊಳ್ಳುವುದನ್ನು, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವುದನ್ನು ಯಾರಾದರೂ ಕಣ್ಣು ಕೀಳದೆ ನೋಡುತ್ತಾರೆ. ಮುಗಿದ ಬೊಂಬೆಯ ಫೋಟೊಗೆ ಆ ಸೆಳೆತವಿಲ್ಲ. ಚೀನಾದ ಪ್ಲಾಸ್ಟಿಕ್ ಆಟಿಕೆಗಿಂತ ಇದಕ್ಕೆ ಯಾಕೆ ಹೆಚ್ಚು ಬೆಲೆ ಎಂಬ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಮುನ್ನ ಮಾತ್ರ ಯೋಚಿಸಿ. ಇನ್‌ಸ್ಟಾಗ್ರಾಂನ ಬಿಸಿನೆಸ್ ಖಾತೆಗಳಿಗೆ ಹಾಡುಗಳ ಪೂರ್ತಿ ಭಂಡಾರ ಸಿಗುವುದಿಲ್ಲ. ವ್ಯಾಪಾರಕ್ಕೆ ಹಾಡು ಬಳಸುವ ಹಕ್ಕು ಬೇರೆ. ಲೇತಿನ ಸದ್ದೇ ಸಾಕು. ಮಾತು ಸೇರಿಸುವುದಾದರೆ ನಿಮ್ಮ ಊರಿನ ಮಾತೇ ಇರಲಿ. ‘ಬರ್ರೀ, ಬಿಸಿ ರೊಟ್ಟಿ ಬಡಿಲಿಕ್ಕೆ ಹತ್ತೇವಿ’ ಎಂಬ ಒಂದು ಸಾಲಿಗೆ ಇರುವ ರುಚಿ ‘ಅಥೆಂಟಿಕ್ ನಾರ್ತ್ ಕರ್ನಾಟಕ ಕ್ಯುಸಿನ್’ಗೆ ಎಲ್ಲಿ ಬರಬೇಕು?

ಈಗ ತಲೆಬರಹದ ವಿಚಾರ. ಪೋಸ್ಟಿನ ಕೆಳಗೆ ‘ಬೂಸ್ಟ್’ ಎಂಬ ನೀಲಿ ಗುಂಡಿ ಇರುತ್ತದೆ. ಐನೂರು ರೂಪಾಯಿ ಹಾಕಿ ಒತ್ತಿದರೆ ಮರುದಿನ ಲೈಕುಗಳು ಸಾವಿರ ದಾಟುತ್ತವೆ, ಆರ್ಡರು ಮಾತ್ರ ಮೂರಕ್ಕೆ ನಿಲ್ಲುತ್ತದೆ. ಮೋಸವೇನೂ ನಡೆದಿಲ್ಲ. ಕೇಳಿದ್ದನ್ನೇ ಅದು ಕೊಟ್ಟಿದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಜಾಹೀರಾತು ವ್ಯವಸ್ಥೆ ಒಂದು ಹರಾಜು. ಒಬ್ಬ ವ್ಯಕ್ತಿಯ ಫೋನಿನಲ್ಲಿ ಜಾಹೀರಾತಿಗೆ ಒಂದು ಜಾಗ ತೆರೆದಾಗಲೆಲ್ಲ, ಆ ವ್ಯಕ್ತಿಯನ್ನು ಬಯಸುವ ಜಾಹೀರಾತುಗಳ ನಡುವೆ ಕ್ಷಣಾರ್ಧದಲ್ಲಿ ಹರಾಜು ನಡೆಯುತ್ತದೆ. ಹೆಚ್ಚು ದುಡ್ಡು ಕೂಗಿದವರೇ ಗೆಲ್ಲುತ್ತಾರೆ ಎಂದಿಲ್ಲ. ನೀವು ಬಯಸಿದ ಕೆಲಸವನ್ನು ಆತ ಮಾಡುವ ಸಂಭವ ಎಷ್ಟು, ಜಾಹೀರಾತು ನೋಡಿದವರು ಮರೆಮಾಡುತ್ತಿದ್ದಾರೆಯೋ ಇಲ್ಲವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ‘ನೀವು ಬಯಸಿದ ಕೆಲಸ’ ಎಂಬಲ್ಲೇ ಎಲ್ಲ ಇದೆ. ಲೈಕು, ಕಮೆಂಟು ಬೇಕು ಎಂದು ಆರಿಸಿದರೆ, ಕಂಡದ್ದಕ್ಕೆಲ್ಲ ಲೈಕ್ ಒತ್ತುವ ಅಭ್ಯಾಸದವರನ್ನೇ ಅದು ಹುಡುಕಿ ತರುತ್ತದೆ. ಅವರು ಲೈಕ್ ಒತ್ತುತ್ತಾರೆ, ಮುಂದೆ ಹೋಗುತ್ತಾರೆ. ಅದರ ಬದಲು ‘ಮೆಸೇಜ್’ ಎಂದು ಆರಿಸಿ, ಒತ್ತಿದ ಕೂಡಲೇ ನಿಮ್ಮ ವಾಟ್ಸ್‌ಆ್ಯಪ್ ತೆರೆಯುವ ಹಾಗೆ ಇಟ್ಟರೆ ಲೈಕು ಇಪ್ಪತ್ತೇ ಬರಬಹುದು; ವಿಚಾರಿಸುವವರು ಬರುತ್ತಾರೆ.

ಜಾಗವೂ ಅಷ್ಟೇ ಮುಖ್ಯ. ಐದಾರು ಕಿಲೊಮೀಟರ್ ಆಚೆಗೆ ಕೇಕು ತಲುಪಿಸಲಾಗದ ಬೇಕರಿಯವರು ಇಡೀ ಕರ್ನಾಟಕಕ್ಕೆ ಜಾಹೀರಾತು ತೋರಿಸಿ ಬೀದರಿನಿಂದ ಲೈಕು ಗಿಟ್ಟಿಸಿ ಏನು ಮಾಡುವುದು? ಮ್ಯಾಪಿನಲ್ಲಿ ಪಿನ್ ಇಟ್ಟು ಸುತ್ತ ಇಷ್ಟೇ ಕಿಲೊಮೀಟರ್ ಎಂದು ಹೇಳುವ ಅವಕಾಶವಿದೆ, ಅದನ್ನು ಬಳಸಬೇಕು. ದೀಪಾವಳಿಯ ಮುಂಚಿನ ವಾರಗಳಲ್ಲಿ ದೊಡ್ಡ ಇ-ಕಾಮರ್ಸ್ ಕಂಪನಿಗಳೆಲ್ಲ ಅದೇ ಹರಾಜಿನ ಕಟ್ಟೆಯಲ್ಲಿ ನಿಂತಿರುತ್ತವೆ, ಬೆಲೆ ಏರುತ್ತದೆ. ನಿಮ್ಮ ಐನೂರು ಆಗ ಎರಡು ದಿನವೂ ಬಾರದು. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ.

ದುಡ್ಡು ಕೊಡದೆ ಬರೀ ಪೋಸ್ಟು ಹಾಕಿದರೆ ಮೊದಲಿನಂತೆ ಯಾಕೆ ತಲುಪುವುದಿಲ್ಲ ಎಂದು ಫೇಸ್‌ಬುಕ್ ಪೇಜಿನವರು ಗೊಣಗುವುದುಂಟು. 2018ರ ಜನವರಿಯಲ್ಲಿ ಮಾರ್ಕ್ ಝುಕರ್‌ಬರ್ಗ್ ಅದನ್ನು ಹೇಳಿಯೇ ಬಿಟ್ಟಿದ್ದರು: ಫೀಡಿನಲ್ಲಿ ಗೆಳೆಯರು, ಮನೆಯವರ ಪೋಸ್ಟುಗಳಿಗೆ ಆದ್ಯತೆ, ವ್ಯಾಪಾರದವು ಕಡಿಮೆ. ಹತ್ತು ಸಾವಿರ ಫಾಲೋವರ್ ಇದ್ದೂ ಪೋಸ್ಟು ಕೆಲವೇ ನೂರು ಜನರಿಗೆ ಕಾಣುವುದು ಇದರಿಂದಲೇ. ಆ ಹತ್ತು ಸಾವಿರ ಜನ ನಿಮ್ಮ ಗಿರಾಕಿಗಳಲ್ಲ, ಫೇಸ್‌ಬುಕ್‌ನ ಬಳಕೆದಾರರು. ಅವರ ಫೋನ್ ನಂಬರು ನಿಮ್ಮ ಹತ್ತಿರ ಇದ್ದರೆ ಮಾತು ಬೇರೆ.

ಫುಡ್ ವ್ಲಾಗರ್‌ಗಳ ವಿಷಯ ಹೆಚ್ಚು ಹೇಳಬೇಕಿಲ್ಲ. ಹಣವನ್ನೋ ಬಿಟ್ಟಿ ಊಟವನ್ನೋ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕಿದೆ. ನಾಲ್ಕು ಟೇಬಲ್ಲಿನ ಮೆಸ್ಸಿಗೆ ಒಂದು ಭಾನುವಾರ ನಾನೂರು ಜನ ನುಗ್ಗಿ, ಅನ್ನ ಸಾಲದೆ, ಬಂದವರೆಲ್ಲ ಬೈದುಕೊಂಡು ಹೋಗುವುದೂ ಇಂಥ ಪ್ರಚಾರದ ಫಲವೇ.

ಕಾಗದಪತ್ರದ ಕಡೆ ಬಂದರೆ ಮನೆ ಉದ್ಯಮದವರು ‘ನಾವು ಸಣ್ಣವರು, ನಮಗೇನು’ ಎನ್ನುವುದು ಸಹಜ. ಮನೆಯಲ್ಲಿ ಮಾಡಿ ಮಾರುವ ತಿಂಡಿಗೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ವಹಿವಾಟಿನವರಿಗೆ ಇದು ವರ್ಷಕ್ಕೆ 100 ರೂಪಾಯಿ ಶುಲ್ಕದಲ್ಲಿ ಮುಗಿಯುವ ಕೆಲಸ. ಅಲ್ಲಿ ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ಲಿನ ಮೇಲೆ ಇದ್ದರೆ ಅಪರಿಚಿತ ಗಿರಾಕಿಗೂ ಧೈರ್ಯ. ಜಿಎಸ್‌ಟಿಯಲ್ಲಿ ಒಂದು ಕೊಕ್ಕೆ ಇದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ ಎಂಬುದು ಎಲ್ಲರಿಗೂ ಗೊತ್ತು. ತೆರಿಗೆ ಇರುವ ಸರಕನ್ನು ರಾಜ್ಯದ ಹೊರಗೆ ಮಾರಿದರೆ ಈ ವಿನಾಯಿತಿ ಸಾಮಾನ್ಯವಾಗಿ ಅನ್ವಯಿಸದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಅಂದಮೇಲೆ ಪುಣೆಯ ಕನ್ನಡಿಗರ ಮನೆಗೆ ಹಪ್ಪಳ ಕಳಿಸುವುದಕ್ಕೂ ಉಪ್ಪಿನಕಾಯಿ ಕಳಿಸುವುದಕ್ಕೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿದೆ. ಒಮ್ಮೆ ತೆರಿಗೆ ಸಲಹೆಗಾರರನ್ನು ಕಂಡು ಬರುವುದು ಕ್ಷೇಮ.

2025ರ ಜುಲೈನಲ್ಲಿ ನಡೆದದ್ದು ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸು ಕಳಿಸಿತು. ಬೆಂಗಳೂರಿನ ಅಂಗಡಿಗಳ ಕ್ಯೂಆರ್ ಕೋಡುಗಳು ರಾತ್ರೋರಾತ್ರಿ ಮಾಯವಾಗಿ ‘ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಬಂದವು. ಮುಷ್ಕರದ ಮಾತೂ ಎದ್ದಿತು. ಕೊನೆಗೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ಸರ್ಕಾರ ಹೇಳಿತು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರಿದವರಿಗೆ ಆ ನೋಟಿಸು ತಟ್ಟಬಾರದಿತ್ತು. ಆದರೆ ಯಾವ ದುಡ್ಡು ಹಾಲಿನದು, ಯಾವುದು ಬಿಸ್ಕತ್ತಿನದು, ಯಾವುದು ತಮ್ಮ ಕಳಿಸಿದ ಕೈಸಾಲ ಎಂಬ ಲೆಕ್ಕ ಬರೆದಿಟ್ಟವರು ಕಡಿಮೆ. ಆನ್‌ಲೈನ್ ವ್ಯಾಪಾರಕ್ಕೆ ಇಳಿಯುವವರು ಬೇರೆಯದೇ ಬ್ಯಾಂಕ್ ಖಾತೆ ಇಟ್ಟುಕೊಳ್ಳುವುದು ಮೊದಲ ರೀಲ್ಸಿಗಿಂತ ಮುಂಚೆ ಆಗಬೇಕಾದ ಕೆಲಸ.

ನಂಬರು ಎಲ್ಲರಿಗೂ ಸಿಗುವಂತಾದ ಮೇಲೆ ಕಳ್ಳರಿಗೂ ಸಿಗುತ್ತದೆ. ಮೆಸ್ಸು, ಕೇಟರಿಂಗ್ ನಡೆಸುವವರನ್ನೇ ಗುರಿಯಾಗಿಸಿದ ಒಂದು ಮೋಸ ಹಲವು ಊರುಗಳಲ್ಲಿ ನಡೆದಿದೆ. ಹಿಂದಿಯಲ್ಲಿ ಮಾತಾಡುವವನೊಬ್ಬ ತಾನು ಸೇನೆಯ ಅಧಿಕಾರಿ ಎಂದು ಹೇಳಿ ಇಪ್ಪತ್ತು, ಮೂವತ್ತು ಊಟಕ್ಕೆ ಆರ್ಡರ್ ಕೊಡುತ್ತಾನೆ, ಸಮವಸ್ತ್ರದ ಫೋಟೊ ಇರುವ ಗುರುತಿನ ಚೀಟಿ ಕಳಿಸುತ್ತಾನೆ. ಊಟ ಕಟ್ಟಿ ಮುಗಿಯುವ ಹೊತ್ತಿಗೆ ‘ಸೇನೆಯ ಖಾತೆಯಿಂದ ದುಡ್ಡು ಹಾಕಬೇಕು, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುತ್ತಾನೆ. ಅನ್ನ ಹಳಸುತ್ತದೆ ಎಂಬ ಆತಂಕದಲ್ಲಿ ಇವರು ಪಿನ್ ಒತ್ತುತ್ತಾರೆ, ದುಡ್ಡು ಇವರ ಖಾತೆಯಿಂದಲೇ ಹೋಗುತ್ತದೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತುವ ಪ್ರಮೇಯವೇ ಬರುವುದಿಲ್ಲ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಹೊಸ ಗಿರಾಕಿ ದೊಡ್ಡ ಆರ್ಡರ್ ಕೊಟ್ಟಾಗ ಅಡ್ವಾನ್ಸ್ ಕೇಳಿ, ಅದು ಬಿದ್ದದ್ದನ್ನು ನಿಮ್ಮ ಬ್ಯಾಂಕಿನ ಆ್ಯಪಿನಲ್ಲಿ ಕಣ್ಣಾರೆ ನೋಡಿದ ಮೇಲೆ ಒಲೆ ಹಚ್ಚಿ. ಅವನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಅಕ್ಕಿ ತೊಳೆಯಬೇಡಿ.